ಏಕಾದಶಿಗೆ ಹುಣಸೆ ಬಿಡಬೇಕಾ?

ಗುಂಪು: ಚಳ್ಳಕೆರೆ ಮನೆಯವರು

ಸಣ್ಣತ್ತೆ: (ಫಾರ್ವರ್ಡ್) ಎಲ್ಲರೂ ಓದಿ!! ಹುಣಸೆ, ತೊಗರಿ ಎರಡೂ ಒಂದೇ ಕುಟುಂಬ, ಡಿಎನ್‌ಎಯಲ್ಲಿ ಸಾಬೀತು. ವ್ರತಕ್ಕೆ ಬೇಳೆ ಬಿಟ್ಟವರು ಹುಣಸೆಯನ್ನೂ ಬಿಡಿ. ಹತ್ತು ಜನಕ್ಕೆ ಕಳಿಸಿ 🙏

ಸಣ್ಣತ್ತೆ: ಇಷ್ಟು ವರ್ಷ ಏಕಾದಶಿಗೆ ಗೊಜ್ಜವಲಕ್ಕಿ ಮಾಡಿದ್ದೇನಲ್ಲ!

ಬೆಂಗಳೂರು ಭಾವ: ಬರೆದವರು ಯಾರು? ಎಲ್ಲಿ ಬಂದಿದೆ? ಹೋದ ಸಲದ ಬೇವಿನ ಸೊಪ್ಪಿನ ಮೆಸೇಜೂ ನಿಮ್ಮದೇ.

ಸಣ್ಣತ್ತೆ: ಅದನ್ನು ಕಳಿಸಿದ್ದು ನಿನ್ನ ಹೆಂಡತಿ.

ದೊಡ್ಡಪ್ಪ: ಹಿರಿಯರ ಆಚಾರಕ್ಕೆ ಲ್ಯಾಬಿನ ಸರ್ಟಿಫಿಕೇಟ್ ಯಾಕೆ? ಶ್ರದ್ಧೆ ಇದ್ದರೆ ಸಾಕು.

ನಾನು: ಅತ್ತೆ, ಒಂದೇ ಕುಟುಂಬ ಅನ್ನುವುದು ನಿಜ. ಆದರೆ ಅದು ಹಳೇ ಸಂಗತಿ, ಕಾಯಿ ನೋಡಿಯೇ ಹೇಳಿದ್ದರು. ಡಿಎನ್‌ಎ ಹೇಳಿದ್ದು ಬೇರೆ. ಮೊದಲು ಈ ಕುಟುಂಬದಲ್ಲಿ ಮೂರು ಮನೆ, ಅಂದರೆ ಉಪಕುಟುಂಬ, ಇದ್ದವು. ತೊಗರಿ, ಅವರೆಯದ್ದು ಒಂದು, ಜಾಲಿಯದ್ದು ಒಂದು, ಹುಣಸೆ, ತಂಗಡಿಯದ್ದು ಇನ್ನೊಂದು. ವಿಜ್ಞಾನಿಗಳು ಸುಮಾರು 3,700 ಜಾತಿಗಳ ಮ್ಯಾಟ್‌ಕೆ ಅನ್ನುವ ಜೀನ್ ಹೋಲಿಸಿ ನೋಡಿದರು. 2017ರಲ್ಲಿ ಮೂರರ ಬದಲು ಆರು ಮನೆ ಮಾಡಿದರು. ಹುಣಸೆ ಬೇರೆಯಾಯಿತು. ಜಾಲಿ ಬಂದು ತಂಗಡಿ ಮನೆ ಸೇರಿತು. ಹುಣಸೆ, ತೊಗರಿ ದೂರದ ನೆಂಟರು ಅಷ್ಟೇ.

ಬೆಂಗಳೂರು ಭಾವ: ಒಂದು ಜೀನ್ ನಂಬಿ ಮನೆ ಒಡೆಯುವುದಾ?

ನಾನು: ಒಳ್ಳೇ ಪ್ರಶ್ನೆ. ಅದಕ್ಕೇ ಹೂವು, ಕಾಯಿ, ಬೀಜದೊಳಗಿನ ಮೊಳಕೆ ಎಲ್ಲವನ್ನೂ ಜೊತೆಗಿಟ್ಟು ನೋಡುತ್ತಾರೆ. ನೆನೆಸಿದ ಅವರೆಕಾಳು ಬಿಡಿಸಿ, ಬೇರಿನ ತುದಿ ಬಾಗಿರುತ್ತದೆ. ಹುಣಸೆ ಬೀಜದಲ್ಲಿ ನೆಟ್ಟಗಿರುತ್ತದೆ. ಈಗ ನಮ್ಮ ಶೇಂಗಾ ಒಡೆದು ನೋಡಿ. ಅದರ ಮೂಗೂ ನೆಟ್ಟಗೆ! ಮೊಳಕೆ ಒಂದನ್ನೇ ನಂಬಿದ್ದರೆ ಶೇಂಗಾವನ್ನು ತೊಗರಿ ಮನೆಯಿಂದ ಆಚೆ ಹಾಕಬೇಕಿತ್ತು. ಹೂವೂ ಜೀನೂ ಅದನ್ನು ಒಳಗೇ ಉಳಿಸಿದವು. ನನಗೆ ಇದು ಎಷ್ಟು ಸಲ ನೋಡಿದರೂ ಬೇಸರವಾಗದ ವಿಷಯ.

ನಾನು: ನೆಂಟಸ್ತನದ ಲೆಕ್ಕದಲ್ಲಿ ಬಿಡುವುದಾದರೆ ಮೊದಲು ಬಿಡಬೇಕಾದ್ದು ಒಗ್ಗರಣೆಯ ಶೇಂಗಾ, ಅತ್ತೆ. ಹುಣಸೆ ಅಲ್ಲ.

ದಾವಣಗೆರೆ ತಮ್ಮ: ಶೇಂಗಾ ಅಂದ ಕೂಡಲೇ ತಾತ ನೆನಪಾದರು. ಹೊಲದಲ್ಲೇ ಸುಟ್ಟು, ಊದಿ ಊದಿ ಕೊಡುತ್ತಿದ್ದರು. ಆಮೇಲೆ ಹಿತ್ತಲ ಹುಣಸೆ ಮರದ ಕೆಳಗೆ ನಿದ್ದೆ 😊

ಸಣ್ಣತ್ತೆ: ಆ ಮರ ಕಡಿಸಿದ್ದು ಯಾರು ಅಂತ ಕೇಳು.

ದೊಡ್ಡಪ್ಪ: ಕೊಂಬೆ ಬಿದ್ದು ಶೀಟು ಒಡೆಯುತ್ತಿತ್ತು. ನೂರು ಸಲ ಹೇಳಿದ್ದೇನೆ.

ಸಣ್ಣತ್ತೆ: ದಿಮ್ಮಿಯ ದುಡ್ಡು ಎಲ್ಲಿ ಹೋಯಿತು ಅಂತ ಒಂದು ಸಲವೂ ಹೇಳಿಲ್ಲ.

ದೊಡ್ಡಪ್ಪ: ಅಪ್ಪನ ಕಣ್ಣಿನ ಆಪರೇಷನ್‌ಗೆ. ಅಪ್ಪನೇ ಯಾರಿಗೂ ಹೇಳಬೇಡ ಅಂದಿದ್ದರು.

(ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ.)

ನಾನು: ಅತ್ತೆ, ಏನು ತಿನ್ನಬೇಕು ಅನ್ನುವುದು ನಿಮ್ಮ ಪದ್ಧತಿ. ಗಿಡಗಳ ಪಟ್ಟಿ ಅದಕ್ಕೆ ಮಾಡಿದ್ದಲ್ಲ. ಆ ಮೆಸೇಜ್ ಮುಂದೆ ಕಳಿಸಬೇಡಿ, ದಯವಿಟ್ಟು.

ಸಣ್ಣತ್ತೆ: ಭಜನೆ ಗುಂಪಿಗೆ ಆಗಲೇ ಕಳಿಸಿಬಿಟ್ಟೆ. ನೀನು ಬರೆದದ್ದನ್ನೂ ಕಳಿಸಲಾ?

ನಾನು: ಕಳಿಸಿ ಅತ್ತೆ.

ಬೆಂಗಳೂರು ಭಾವ: ಅವರೆ, ಶೇಂಗಾ ಎರಡೂ ನೆನೆಹಾಕಿದ್ದೇನೆ. ಬೆಳಗ್ಗೆ ಫೋಟೋ ಹಾಕುತ್ತೇನೆ.