ಹಳೇ ಎಕ್ಸ್‌ಪಿ ಏಳುತ್ತಿಲ್ಲವೇ? ರಿಪೇರಿಯವರನ್ನು ಕೇಳಿ

ಅಡ್ಮಿನ್: ಈ ಭಾನುವಾರ ವಿಂಡೋಸ್ ಎಕ್ಸ್‌ಪಿ ಮತ್ತು ವಿಂಡೋಸ್ 7 ರಿಪೇರಿ. ಅಂಗಡಿ ಇಟ್ಟು ಇಪ್ಪತ್ತು ವರ್ಷ ದಾಟಿದ ನಮ್ಮ ರಿಪೇರಿಯವರು ಉತ್ತರ ಕೊಡುತ್ತಾರೆ. ಗುಂಪಿನ ನಿಯಮದಂತೆ ಕನ್ನಡ ಲಿಪಿಯಲ್ಲೇ ಬರೆಯಿರಿ. ಕಮಾಂಡನ್ನು ಮಾತ್ರ ಮಷಿನ್‌ನಲ್ಲಿ ಇಂಗ್ಲಿಷಲ್ಲಿ ಹೊಡೆಯಿರಿ.

ವೇ ಬ್ರಿಡ್ಜ್, ದಾವಣಗೆರೆ: ನಮಸ್ಕಾರ ಸರ್. ಆನ್ ಮಾಡಿದರೆ ಹಾಲ್.ಡಿಎಲ್ಎಲ್ ಇಲ್ಲ ಎಂದು ಬರುತ್ತದೆ. ಲಾರಿಗಳು ನಿಂತಿವೆ.

ರಿಪೇರಿಯವರು: ನಮಸ್ಕಾರ. ಹಾಲ್ ಅಂದರೆ ವಿಂಡೋಸ್‌ಗೂ ಬೋರ್ಡಿಗೂ ನಡುವೆ ಕೆಲಸ ಮಾಡುವ ಫೈಲ್. ಅದರ ಹೆಸರು ಹೇಳಿದರೂ ಎಷ್ಟೋ ಸಲ ತಪ್ಪು ಬೂಟ್.ಐಎನ್ಐ ಫೈಲಿನದು. ಡಿಸ್ಕಿನ ಯಾವ ಪಾರ್ಟಿಷನ್‌ನಲ್ಲಿ, ಅಂದರೆ ಯಾವ ಭಾಗದಲ್ಲಿ, ವಿಂಡೋಸ್ ಇದೆ ಅಂತ ಅದು ಹೇಳಬೇಕು. ಎಕ್ಸ್‌ಪಿ ಸಿಡಿಯಿಂದ ಬೂಟ್ ಮಾಡಿ, ಆರ್ ಒತ್ತಿ ಕಮಾಂಡ್ ಹೊಡೆಯುವ ರಿಕವರಿ ಕನ್ಸೋಲ್‌ಗೆ ಹೋಗಿ, ಆ ಫೈಲನ್ನು ಮತ್ತೆ ಕಟ್ಟಲು ಬೂಟ್‌ಸಿಎಫ್‌ಜಿ /ರಿಬಿಲ್ಡ್ ಕೊಡಿ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಇಟ್ಟಿಲ್ಲದಿದ್ದರೆ ಖಾಲಿ ಎಂಟರ್ ಸಾಕು.

ಪ್ರೆಸ್, ಗದಗ: ಸರ್, ನಮ್ಮ ಪುಟ ಜೋಡಿಸುವ ಡಿಟಿಪಿ ಮಷಿನ್ ಡ್ಯುಯಲ್ ಕೋರ್, ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3. ಎನ್‌ಟಿಒಎಸ್‌ಕೆಆರ್‌ಎನ್‌ಎಲ್.ಇಎಕ್ಸ್‌ಇ ಕೆಟ್ಟಿದೆ ಎಂದಿತು. ಡಿಸ್ಕ್ ಬಿಚ್ಚಿ ಮಗನ ಕಂಪ್ಯೂಟರ್‌ಗೆ ಹಾಕಿದೆ. ಸಿಡಿಯ ಐ386 ಫೋಲ್ಡರ್‌ನಲ್ಲಿ ಅದೇ ಹೆಸರಿನ ಫೈಲ್ ಸಿಕ್ಕಿತು, ಕೊನೆ ಅಕ್ಷರದ ಜಾಗದಲ್ಲಿ ಅಡಿಗೆರೆ ಇತ್ತು. ಅಡಿಗೆರೆ ತೆಗೆದು 'ಇ' ಹಾಕಿ ಕಾಪಿ ಮಾಡಿದೆ. ಈಗಲೂ ಅದೇ ಎರರ್. ಮಧ್ಯೆ ಮಧ್ಯೆ ಟಿಕ್ ಟಿಕ್ ಸದ್ದು ಬೇರೆ. ಹನ್ನೊಂದು ವರ್ಷದ ಲಗ್ನಪತ್ರಿಕೆ ಪೇಜ್‌ಮೇಕರ್‌ನಲ್ಲಿದೆ.

ಸೈಬರ್ ಸೆಂಟರ್, ಹಾಸನ: ಹಾರ್ಡ್ ಡಿಸ್ಕನ್ನು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಒಂದು ರಾತ್ರಿ ಫ್ರೀಜರ್‌ನಲ್ಲಿ ಇಡಿ. ಗ್ಯಾರಂಟಿ ಏಳುತ್ತದೆ. ಫಾರ್ವರ್ಡ್ ಬಂದಿದೆ.

ರಿಪೇರಿಯವರು: ಫ್ರೀಜರ್‌ನಲ್ಲಿ ಐಸ್‌ಕ್ರೀಂ ಇಡಿ. ಹೊರಗೆ ತೆಗೆದಾಗ ಒಳಗೆ ನೀರು ಹನಿಗಟ್ಟುತ್ತದೆ, ಉಳಿದ ಜೀವವೂ ಹೋಗುತ್ತದೆ.

ಪ್ರೆಸ್‌ನವರೇ, ನಿಮ್ಮದು ಸ್ವಲ್ಪ ಉದ್ದ ಹೇಳಬೇಕು. ಕೆಟ್ಟಿದೆ ಎಂದಿದ್ದು ಕರ್ನಲ್, ಅಂದರೆ ವಿಂಡೋಸ್‌ನ ತಿರುಳು. ಅಡಿಗೆರೆ ಇರುವ ಫೈಲ್ ಗಂಟು ಕಟ್ಟಿದ್ದು. ಸಿಡಿಯಲ್ಲಿ ಜಾಗ ಉಳಿಯಲಿ ಅಂತ ಹಿಂಡಿ ಇಟ್ಟಿರುತ್ತಾರೆ. ಹೆಸರು ಬದಲಿಸಿದರೆ ಗಂಟು ಬಿಚ್ಚುವುದಿಲ್ಲ. ನೀವು ಹಾಕಿದ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ, ಮೊದಲ ನಾಲ್ಕು ಅಕ್ಷರ ಎಂ ಎಸ್ ಸಿ ಎಫ್ ಇರುತ್ತದೆ. ಅಂದರೆ ಅದು ಕ್ಯಾಬಿನೆಟ್ ಫೈಲ್. ಓಡುವ ಇಎಕ್ಸ್‌ಇ ಎಂ ಝಡ್‌ನಿಂದ ಶುರುವಾಗುತ್ತದೆ. ಸೈಜ್ ನೋಡಿದರೂ ಗೊತ್ತಾಗುತ್ತದೆ: ನಿಜವಾದ ಫೈಲ್ 2 ಎಂಬಿ ಆಸುಪಾಸು, ನಿಮ್ಮದು ಅದಕ್ಕಿಂತ ಎಷ್ಟೋ ಚಿಕ್ಕದು.

ಗಂಟು ಬಿಚ್ಚುವುದು ಎಕ್ಸ್‌ಪ್ಯಾಂಡ್ ಕಮಾಂಡ್. ಆದರೆ ಅದನ್ನು ಈಗ ಮುಟ್ಟಬೇಡಿ. ನನಗೆ ಚಿಂತೆ ಆ ಸದ್ದಿನದು. ಫೈಲ್ ತಾನಾಗಿ ಕೆಡುವುದಿಲ್ಲ, ಡಿಸ್ಕ್ ಸಾಯುತ್ತಿರಬೇಕು. ಡಿಸ್ಕ್ ತಪಾಸಣೆಯ ಚೆಕ್‌ಡಿಸ್ಕ್ /ಆರ್ ಓಡಿಸಿದರೆ ಇಡೀ ಡಿಸ್ಕನ್ನು ಉಜ್ಜುತ್ತದೆ, ಇದ್ದದ್ದೂ ಹೋಗಬಹುದು. ಪತ್ರಿಕೆಗಳ ಫೋಲ್ಡರ್ ಮೊದಲು ಕಾಪಿ ಮಾಡಿ. ನುಡಿ ಫಾಂಟ್‌ಗಳನ್ನೂ ತೆಗೆದುಕೊಳ್ಳಿ. ಆಮೇಲೆ ಬೇರೆ ಡಿಸ್ಕ್, ಆಮೇಲೆ ವಿಂಡೋಸ್.

ಅಂಗಡಿ ಬಿಲ್ಲಿಂಗ್, ತುಮಕೂರು: ಸರ್ ನನಗೂ ಹಾಲ್.ಡಿಎಲ್ಎಲ್.

ರಿಪೇರಿಯವರು: ಮೇಲೆ ಓದಿ.

ಲಿನಕ್ಸ್ ಅಭಿಮಾನಿ: ಎಕ್ಸ್‌ಪಿಗೆ ಸಪೋರ್ಟ್ ನಿಂತಿದ್ದು 2014ರ ಏಪ್ರಿಲ್ 8ಕ್ಕೆ. ಇನ್ನೂ ಅದನ್ನೇ ಹಿಡಿದುಕೊಂಡು ಕೂತಿದ್ದೀರಲ್ಲ. ನುಡಿ ಫಾಂಟ್ ಬಿಟ್ಟು, ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ಬನ್ನಿ.

ಪ್ರೆಸ್, ಗದಗ: ಪೇಜ್‌ಮೇಕರ್‌ನಲ್ಲಿ ಯುನಿಕೋಡ್ ಕನ್ನಡ ಕೂರುತ್ತದಾ? ಒತ್ತಕ್ಷರ ಒಡೆದು ಬಂದರೆ ಬೀಗರು ನನ್ನನ್ನು ಬೈಯುತ್ತಾರೆ, ನಿಮ್ಮನ್ನಲ್ಲ.

ಲಿನಕ್ಸ್ ಅಭಿಮಾನಿ: ಎಕ್ಸ್‌ಪಿಯಲ್ಲೇ ಯುನಿಕೋಡ್ ಕನ್ನಡ ಇತ್ತು, ತುಂಗಾ ಫಾಂಟ್ 2001ರಲ್ಲೇ ಬಂತು. ಕಲಿಯೋಕೆ ಮನಸ್ಸಿಲ್ಲ ಅಷ್ಟೇ.

ಸೈಬರ್ ಸೆಂಟರ್, ಹಾಸನ: ಇತ್ತು ಅಂದರೆ ಆಯಿತಾ? ಕಂಟ್ರೋಲ್ ಪ್ಯಾನಲ್‌ನಲ್ಲಿ ಕನ್ನಡ ಬೇಕೆಂದು ಟಿಕ್ ಹಾಕಿದರೆ ಸಿಡಿ ಹಾಕು ಎನ್ನುತ್ತಿತ್ತು, ಸಿಡಿ ಯಾರ ಹತ್ತಿರ ಇತ್ತು? ಇಲ್ಲಿ ಬಂದು ಬುದ್ಧಿ ಹೇಳೋದು ಸುಲಭ.

ಟೈಪಿಂಗ್ ಕೇಂದ್ರ, ಮಂಡ್ಯ: ಜಗಳದ ಮಧ್ಯೆ ಒಂದು. ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೆ ಕೇಬಲ್ ಎಲ್ಲಿ ಸಿಗುತ್ತದೆ?

ಲ್ಯಾಬ್, ಶಿರಸಿ: ಬೋರ್ಡ್ ಮೇಲಿನ ಬಟನ್ ಸೆಲ್ ಬದಲಿಸಿದ ಮೇಲೆ ನೀಲಿ ಪರದೆ, ಎರರ್ ನಂಬರಿನ ಕೊನೆಯಲ್ಲಿ 7ಬಿ. ಐ386ನಿಂದ ಯಾವ ಫೈಲ್ ಬಿಚ್ಚಲಿ?

ರಿಪೇರಿಯವರು: ಯಾವುದೂ ಬೇಡ. ಸೆಲ್ ತೆಗೆದಾಗ ಬಯೋಸ್, ಅಂದರೆ ಬೋರ್ಡಿನ ಸೆಟ್ಟಿಂಗ್, ಕಂಪನಿ ಇಟ್ಟ ಸ್ಥಿತಿಗೆ ಹೋಗಿ ಡಿಸ್ಕಿನ ಸಾಟಾ ಸೆಟ್ಟಿಂಗ್ ಎಎಚ್‌ಸಿಐ ಎಂಬ ಹೊಸ ರೀತಿಗೆ ಬಂದಿರುತ್ತದೆ. ಎಕ್ಸ್‌ಪಿಗೆ ಅದರ ಡ್ರೈವರ್ ಇಲ್ಲ. ಬಯೋಸ್‌ನಲ್ಲಿ ಅದನ್ನು ಹಳೇ ರೀತಿ, ಐಡಿಇ ಮಾಡಿ.

ಲ್ಯಾಬ್, ಶಿರಸಿ: ಬೂಟ್ ಆಯಿತು! ಪುಣ್ಯ ಕಟ್ಟಿಕೊಂಡಿರಿ.

ಸೈಬರ್ ಸೆಂಟರ್, ಹಾಸನ: ಎಲ್ಲರಿಗೂ ಉಪಯೋಗ ಆಗಲಿ, ಒಂದು ಲಿಂಕ್ ಹಾಕಿದ್ದೇನೆ. ಹಾಲ್, ಕರ್ನಲ್ ಎಲ್ಲಾ ಬಿಚ್ಚಿದ ಫೈಲ್ ಸಿಗುತ್ತದೆ. ಸುಮ್ನೆ ವಿಂಡೋಸ್‌ನ ಸಿಸ್ಟಮ್32 ಫೋಲ್ಡರ್‌ಗೆ ಹಾಕಿ.

ರಿಪೇರಿಯವರು: ಅಡ್ಮಿನ್, ಆ ಲಿಂಕ್ ತೆಗೆಯಿರಿ. ಯಾರೋ ಕೊಟ್ಟ ಕರ್ನಲ್ ಹಾಕುವುದೂ ಮನೆ ಬೀಗದ ಕೈ ದಾರಿಹೋಕನಿಗೆ ಕೊಡುವುದೂ ಒಂದೇ. ವೈರಸ್ ಇಲ್ಲ ಅಂದುಕೊಂಡರೂ ಹಾಲ್ ಒಂದೇ ಜಾತಿಯದಲ್ಲ. ಸಿಡಿಯಲ್ಲೇ ಹಾಲ್, ಹಾಲ್‌ಎಸಿಪಿಐ, ಹಾಲ್‌ಎಎಸಿಪಿಐ, ಹಾಲ್‌ಎಂಎಸಿಪಿಐ ಅಂತ ಬೇರೆ ಬೇರೆ ಇವೆ. ಸೆಟಪ್ ನಿಮ್ಮ ಬೋರ್ಡ್ ನೋಡಿ ಒಂದನ್ನು ಆರಿಸಿ ಹಾಲ್.ಡಿಎಲ್ಎಲ್ ಅಂತ ಹೆಸರಿಡುತ್ತದೆ. ಕರ್ನಲ್ ಕೂಡ ಹಾಗೆಯೇ. ಪ್ರೆಸ್‌ನವರದು ಡ್ಯುಯಲ್ ಕೋರ್, ಅಂದರೆ ಒಳಗೆ ಎರಡು ಪ್ರೊಸೆಸರ್ ಇದ್ದಂತೆ, ಅವರಿಗೆ ಎನ್‌ಟಿಕೆಆರ್‌ಎನ್‌ಎಲ್‌ಎಂಪಿ ಬೇಕು. ಅದನ್ನು ಬಿಚ್ಚಿ, ಆಮೇಲೆ ಎನ್‌ಟಿಒಎಸ್‌ಕೆಆರ್‌ಎನ್‌ಎಲ್ ಅಂತ ಹೆಸರಿಡಬೇಕು. ಹೆಸರು ಬದಲಿಸುವುದು ಅಲ್ಲಿ ಸರಿ, ಬಿಚ್ಚಿದ ಮೇಲೆ!

ಸೈಬರ್ ಸೆಂಟರ್, ಹಾಸನ: ಒಳ್ಳೇದಕ್ಕೆ ಹಾಕಿದ್ದು ಸರ್. ಇಷ್ಟು ಸಿಟ್ಟು ಯಾಕೆ?

ರಿಪೇರಿಯವರು: ಅದೇ ಲಿಂಕ್‌ನಿಂದ ಕೆಟ್ಟ ಮಷಿನ್ ಮೂರು ನನ್ನ ಮೇಜಿನ ಮೇಲಿವೆ, ಅದಕ್ಕೆ.

ವಿದ್ಯಾರ್ಥಿ: ವಿಂಡೋಸ್ 7ರ ಡಿವಿಡಿಯಲ್ಲಿ ಐ386 ಇಲ್ಲವಲ್ಲ?

ರಿಪೇರಿಯವರು: ಇಲ್ಲ. ಎಲ್ಲವೂ ಇನ್‌ಸ್ಟಾಲ್.ವಿಮ್ ಎಂಬ ದೊಡ್ಡ ಫೈಲ್ ಒಳಗೆ. 7-ಝಿಪ್ ಪ್ರೋಗ್ರಾಂನಿಂದ ತೆರೆಯಬಹುದು.

ಪ್ರೆಸ್, ಗದಗ: ಸರ್, ಕಾಪಿ ನಡೀತಿದೆ. 2016ರ ಫೋಲ್ಡರ್ ಹತ್ತಿರ ನಿಂತುಬಿಟ್ಟಿದೆ. ಸಿಡಿ ಸರ್ವಿಸ್ ಪ್ಯಾಕ್ 2ರದ್ದು, ಮಷಿನ್ 3ರದ್ದು. ತೊಂದರೆಯಾ?

ರಿಪೇರಿಯವರು: 2016 ಬಿಟ್ಟು ಮುಂದಿನದ್ದು ತೆಗೆಯಿರಿ, ಅದಕ್ಕೆ ಕೊನೆಗೆ ಬನ್ನಿ. ಎರಡು ಸಲ ಓದಲಿಲ್ಲ ಅಂದರೆ ಹಠ ಮಾಡಬೇಡಿ, ಡಿಸ್ಕನ್ನು ಇಲ್ಲಿಗೆ ತನ್ನಿ. ಸಿಡಿ ಫೈಲ್ ಹಾಕಬೇಡಿ, ಹಳೇದಾಗುತ್ತದೆ. ವಿಂಡೋಸ್ ಫೋಲ್ಡರ್ ಒಳಗೆ ಸರ್ವಿಸ್‌ಪ್ಯಾಕ್‌ಫೈಲ್ಸ್, ಅದರೊಳಗೆ ಐ386 ಇದೆಯಾ ನೋಡಿ. ಅಲ್ಲಿ 3ರ ಫೈಲ್ ಸಿಕ್ಕರೆ ಅದೇ ಸರಿ.

ಪ್ರೆಸ್, ಗದಗ: ಇದೆ ಸರ್. 2017 ಬಂತು. 2018 ಓಡ್ತಿದೆ.

ಅಂಗಡಿ ಬಿಲ್ಲಿಂಗ್, ತುಮಕೂರು: ಮೇಲೆ ಅಂದರೆ ಎಲ್ಲಿ ಸರ್?