ಅಪ್‌ಡೇಟ್: ಅಮ್ಮನ ಹಿಮೋಗ್ಲೋಬಿನ್ ಕೊನೆಗೂ ಏರಿತು
ಐರನ್ ಮಾತ್ರೆ ತಗೊಂಡರೂ ಅಮ್ಮನ ಹಿಮೋಗ್ಲೋಬಿನ್ 9 ದಾಟುತ್ತಿಲ್ಲ ಅಂತ ಕೇಳಿದ್ದೆನಲ್ಲ? 40 ದಿನ ಬಿಟ್ಟು ನಿನ್ನೆ ಟೆಸ್ಟ್ ಮಾಡಿಸಿದೆವು. 10.8!

ಕಳ್ಳ ಸಿಕ್ಕಿದ್ದು ಫಿಲ್ಟರ್ ಕಾಫಿಯಲ್ಲಿ. ಮಾತ್ರೆ ನುಂಗಿದ ಕೂಡಲೇ ಅಮ್ಮನಿಗೆ ಕಾಫಿ ಬೇಕು, ಜೊತೆಗೆ ಕ್ಯಾಲ್ಸಿಯಂ ಮಾತ್ರೆ ಬೇರೆ. ಕಬ್ಬಿಣ ಮೈಗೆ ಹತ್ತದಂತೆ ಎರಡೂ ಅಡ್ಡ ಬರುತ್ತವೆ. ‘2 ಗಂಟೆ ಅಂತರ ಇಡಿ, ನಿಂಬೆ ಪಾನಕದ ಜೊತೆ ಕೊಡಿ’ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಕ್ಯಾಲ್ಸಿಯಂ ರಾತ್ರಿಗೆ ಹೋಯಿತು. ಕಾಫಿ ಬಿಡಿಸುವುದಂತೂ ಆಗದ ಮಾತು, 11 ಗಂಟೆಗೆ ತಳ್ಳಿದ್ದೇ ಸಾಧನೆ.

ಬೀಟ್‌ರೂಟ್ ಜ್ಯೂಸ್ ಕೆಲಸ ಮಾಡಲಿಲ್ಲ. ಬಣ್ಣ ಕೆಂಪು ಅಷ್ಟೇ, ಕಬ್ಬಿಣ ಕಮ್ಮಿ.

ನಡುವೆ ಮಲ ಕಪ್ಪಾಗಿ ಗಾಬರಿಯಾಗಿತ್ತು. ಐರನ್ ಮಾತ್ರೆಗೆ ಅದು ಮಾಮೂಲಂತೆ! ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು 3 ತಿಂಗಳು ಮಾತ್ರೆ ನಿಲ್ಲಿಸಬೇಡಿ, ದೇಹದೊಳಗಿನ ದಾಸ್ತಾನು ತುಂಬಬೇಕು ಅಂದಿದ್ದಾರೆ ಡಾಕ್ಟರ್.