ಕ್ಯಾಟರಾಕ್ಟ್ ಸರ್ಜರಿ ಕಲಿಕೆ: ರೆಕ್ಸಿಸ್ ಅಂಚಿಗೆ ಓಡುತ್ತಿದೆ, ಯಾವ ಹಂತದಿಂದ ಶುರು ಮಾಡಬೇಕು?

ಪ್ರಶ್ನೆ

ನೇತ್ರವಿಜ್ಞಾನ ಪಿಜಿ ಮೊದಲ ವರ್ಷ. ವೆಟ್ ಲ್ಯಾಬ್‌ನಲ್ಲಿ ಹಂದಿ ಕಣ್ಣಿನ ಮೇಲೆ ಅಭ್ಯಾಸ ನಡೆದಿದೆ. ಇನ್ಸಿಷನ್ ಪರವಾಗಿಲ್ಲ, ಆದರೆ ರೆಕ್ಸಿಸ್ (ಲೆನ್ಸನ್ನು ಸುತ್ತಿರುವ ತೆಳು ಪೊರೆ, ಅಂದರೆ ಕ್ಯಾಪ್ಸೂಲ್‌ನ ಮುಂಭಾಗವನ್ನು ಗುಂಡಗೆ ಸೀಳುವುದು) ಅರ್ಧ ಸುತ್ತು ಬರುವಷ್ಟರಲ್ಲಿ ಅಂಚಿನ ಕಡೆ ಓಡಿಹೋಗುತ್ತದೆ. ತಪ್ಪು ಎಲ್ಲಿದೆ? ರೋಗಿಯ ಕಣ್ಣಿನಲ್ಲಿ ಯಾವ ಹಂತ ಮೊದಲು ಕೈಗೆ ತೆಗೆದುಕೊಂಡರೆ ಒಳ್ಳೆಯದು?

ಉತ್ತರ 1

ಹಂದಿ ಕಣ್ಣಿನ ಕ್ಯಾಪ್ಸೂಲ್ ವಯಸ್ಕರದ್ದಕ್ಕಿಂತ ತುಂಬ ಹಿಗ್ಗುತ್ತದೆ, ಮಕ್ಕಳ ಕಣ್ಣಿನ ಹಾಗೆ. ಅದರಲ್ಲಿ ಓಡುವುದು ಸಹಜ. ಆದರೂ ಮೊದಲು ಚೇಂಬರ್ (ಕಾರ್ನಿಯಾದ ಹಿಂದಿನ ಜಾಗ) ನೋಡಿ. ಫೋರ್ಸೆಪ್ಸ್‌ನಿಂದ ಗಾಯದ ಕೆಳತುಟಿಯನ್ನು ಒತ್ತಿದರೆ ವಿಸ್ಕೋ (ಚೇಂಬರ್ ಕುಸಿಯದಂತೆ ತುಂಬುವ ಜೆಲ್) ಹೊರಗೆ ಸೋರುತ್ತದೆ, ಲೆನ್ಸ್ ಮುಂದಕ್ಕೆ ಉಬ್ಬುತ್ತದೆ, ಉಬ್ಬಿದ ಮೇಲ್ಮೈಯಲ್ಲಿ ಸೀಳು ಇಳಿಜಾರಿಗೆ ಜಾರಿದಂತೆ ಹೊರಕ್ಕೇ ಹೋಗುತ್ತದೆ. ಓಡುವ ಸೂಚನೆ ಸಿಕ್ಕ ಕೂಡಲೇ ಎಳೆಯುವುದನ್ನು ನಿಲ್ಲಿಸಿ, ಮತ್ತೆ ವಿಸ್ಕೋ ತುಂಬಿ, ಲೆನ್ಸಿನ ಮುಂಭಾಗ ಚಪ್ಪಟೆಯಾಗುವವರೆಗೆ ಕಾಯಿರಿ.

ಎರಡನೆಯದು ಹಿಡಿತ. ಫ್ಲ್ಯಾಪ್ (ಸೀಳಿ ಎದ್ದ ಕ್ಯಾಪ್ಸೂಲ್ ಭಾಗ) ಮಡಚಿ ಮಲಗಿರಬೇಕು, ಸೀಳುತ್ತಿರುವ ತುದಿಯಿಂದ 1–2 ಮಿ.ಮೀ. ಒಳಗೇ ಹಿಡಿಯಬೇಕು. ದೂರದಿಂದ ಹಿಡಿದರೆ ದಿಕ್ಕು ನಿಮ್ಮ ಕೈಯಲ್ಲಿ ಇರುವುದಿಲ್ಲ. ಕಾಲು ಸುತ್ತಿಗೊಮ್ಮೆ ಬಿಟ್ಟು ಮತ್ತೆ ಹಿಡಿಯಿರಿ.

ಓಡಿಯೇಬಿಟ್ಟಿದ್ದರೆ ಮುಂದಕ್ಕೆ ಎಳೆಯಬೇಡಿ. ಮಡಚಿದ ಫ್ಲ್ಯಾಪ್ ಬಿಡಿಸಿ ಮೊದಲಿದ್ದ ಹಾಗೆ ಚಪ್ಪಟೆಯಾಗಿ ಹಾಸಿ, ಬುಡದ ಹತ್ತಿರ ಹಿಡಿದು, ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದು ಬಿಗಿ ಮಾಡಿ, ಆಮೇಲೆ ಮಧ್ಯಭಾಗದ ಕಡೆ ತಿರುಗಿಸಿ. ಲಿಟ್ಲ್ ತಂತ್ರ ಅನ್ನುವುದು ಇದನ್ನೇ. ವೆಟ್ ಲ್ಯಾಬ್‌ನಲ್ಲಿ ಬೇಕೆಂದೇ ಓಡಿಸಿ, ಹೀಗೆ ಮರಳಿ ತರುವುದನ್ನು ರೂಢಿ ಮಾಡಿಕೊಳ್ಳಿ.

ಅಳತೆ: ಫೇಕೋಗೆ (ಅಲ್ಟ್ರಾಸೌಂಡ್‌ನಿಂದ ಲೆನ್ಸ್ ಒಡೆದು ಹೀರುವ ವಿಧಾನ) 5–5.5 ಮಿ.ಮೀ., 6 ಮಿ.ಮೀ. ಆಪ್ಟಿಕ್‌ನ (ಕೃತಕ ಲೆನ್ಸಿನ ನಡುಭಾಗ) ಅಂಚನ್ನು ಸುತ್ತಲೂ ಮುಚ್ಚುವಷ್ಟು. ಎಸ್‌ಐಸಿಎಸ್‌ಗೆ (ಸಣ್ಣ ಗಾಯದ ಮೂಲಕ ಕೈಯಿಂದಲೇ ಮಾಡುವ ಸರ್ಜರಿ) ಇನ್ನೂ ದೊಡ್ಡದು ಬೇಕು, ನ್ಯೂಕ್ಲಿಯಸ್ (ಲೆನ್ಸಿನ ಗಟ್ಟಿ ತಿರುಳು) ಇಡಿಯಾಗಿ ಹೊರಬರಬೇಕಲ್ಲ.

ಉತ್ತರ 2

ಹಂತಗಳ ವಿಷಯಕ್ಕೆ ಬಂದರೆ, ಕೊನೆಯಿಂದ ಹಿಂದಕ್ಕೆ ಕಲಿಯುವುದೇ ಸರಿ. ಮೊದಲು ವಿಸ್ಕೋ ತೊಳೆಯುವುದು ಮತ್ತು ಗಾಯದ ಹೈಡ್ರೇಷನ್ (ಅಂಚಿಗೆ ನೀರು ತುಂಬಿ ಗಾಯ ಮುಚ್ಚುವುದು), ನಂತರ ಐಒಎಲ್ (ಕೃತಕ ಲೆನ್ಸ್) ಕೂರಿಸುವುದು, ಆಮೇಲೆ ಕಾರ್ಟೆಕ್ಸ್ (ನ್ಯೂಕ್ಲಿಯಸ್ ಸುತ್ತಲಿನ ಮೆದು ಪದರ) ತೆಗೆಯುವುದು, ಬಳಿಕ ಒಡೆದ ನ್ಯೂಕ್ಲಿಯಸ್ ಚೂರುಗಳು, ಅದಾದ ಮೇಲೆ ನ್ಯೂಕ್ಲಿಯಸ್ ಒಡೆಯುವುದು, ತೀರಾ ಕೊನೆಗೆ ರೆಕ್ಸಿಸ್. ಆರಂಭದ ಹಂತ ಕೆಟ್ಟರೆ ಮುಂದಿನದ್ದೆಲ್ಲ ಕೆಡುತ್ತದೆ. ಹಿರಿಯರು ಚೆನ್ನಾಗಿ ಮಾಡಿಕೊಟ್ಟ ಕಣ್ಣಿನಲ್ಲಿ ಕೊನೆಯ ಹಂತ ಮಾಡುವಾಗ ರೋಗಿಗೆ ಅಪಾಯ ಕಡಿಮೆ, ನಿಮಗೂ ಸರಿಯಾದ ರೆಕ್ಸಿಸ್ ಹೇಗಿರುತ್ತದೆ ಎಂದು ಕಣ್ಣಿಗೆ ರೂಢಿಯಾಗುತ್ತದೆ.

ಆದರೆ ಕಾರ್ಟೆಕ್ಸ್ ಹಂತವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಐ/ಎ (ನೀರು ಹಾಯಿಸಿ ಹೀರುವ ಉಪಕರಣ) ತುದಿಯ ರಂಧ್ರ ಮೇಲ್ಮುಖವಾಗಿ ಕಾಣುತ್ತಿರಲಿ. ತುದಿಯ ಸುತ್ತ ಜೇಡನ ಕಾಲಿನಂಥ ಗೆರೆಗಳು ಹೊರಟರೆ ಹಿಂದಿನ ಕ್ಯಾಪ್ಸೂಲ್ ಸಿಕ್ಕಿಕೊಂಡಿದೆ ಎಂದರ್ಥ. ಆಗ ಕೈ ಅಲ್ಲಾಡಿಸದೆ ಸಕ್ಷನ್ ನಿಲ್ಲಿಸಿ, ರಿಫ್ಲಕ್ಸ್ (ಹೀರಿದ್ದನ್ನು ಹಿಂದಕ್ಕೆ ತಳ್ಳುವ ವ್ಯವಸ್ಥೆ) ಒತ್ತಿ ಬಿಡಿಸಿ. ಗಾಬರಿಯಲ್ಲಿ ತುದಿ ಎಳೆದರೆ ಕ್ಯಾಪ್ಸೂಲ್ ಹರಿಯುತ್ತದೆ.

ಪ್ರಶ್ನಿಸಿದವರು

ಧನ್ಯವಾದ ಸರ್. ಗಾಯದ ತುಟಿ ಒತ್ತುವುದು ಹೌದು, ವಿಡಿಯೋದಲ್ಲಿ ಕಾರ್ನಿಯಾ ಮೇಲೆ ಸುಕ್ಕು ಕಾಣುತ್ತಿದೆ. ಫೇಕೋ ಮಧ್ಯೆ ಕ್ಯಾಪ್ಸೂಲ್ ಹರಿದರೆ ಮೊದಲ ಕೆಲಸ ಏನು?

ಉತ್ತರ 3

ಆ ಸುಕ್ಕು ಕಂಡ ಕ್ಷಣ ಕೈ ಹಗುರ ಮಾಡಿ. ಉಪಕರಣ ಗಾಯದ ಬಾಯಲ್ಲೇ ತಿರುಗಬೇಕು: ಒಳಗಿನ ತುದಿ ಎಡಕ್ಕೆ ಹೋಗಬೇಕಿದ್ದರೆ ಹೊರಗಿನ ಹಿಡಿ ಬಲಕ್ಕೆ.

ಕ್ಯಾಪ್ಸೂಲ್ ಹರಿದ ಲಕ್ಷಣ: ಚೇಂಬರ್ ಇದ್ದಕ್ಕಿದ್ದಂತೆ ಆಳವಾಗುತ್ತದೆ, ಪಾಪೆ ಹಿಗ್ಗಿದಂತಾಗುತ್ತದೆ, ತುದಿಗೆ ಬರುತ್ತಿದ್ದ ಚೂರು ಬರುವುದಿಲ್ಲ. ಹೆದರಿಕೆಗೆ ಪ್ರೋಬ್ ಹೊರಗೆಳೆಯುವುದೇ ದೊಡ್ಡ ತಪ್ಪು. ಎಳೆದರೆ ಚೇಂಬರ್ ಕುಸಿದು ವಿಟ್ರಿಯಸ್ (ಲೆನ್ಸಿನ ಹಿಂದೆ ಕಣ್ಣು ತುಂಬಿರುವ ಜೆಲ್) ಮುಂದಕ್ಕೆ ನುಗ್ಗುತ್ತದೆ, ಸಣ್ಣ ಹರುಕು ದೊಡ್ಡದಾಗುತ್ತದೆ. ಪೆಡಲ್ ಅನ್ನು ಒಂದನೇ ಸ್ಥಾನಕ್ಕೆ ತನ್ನಿ, ಅಂದರೆ ನೀರು ಮಾತ್ರ. ಸಕ್ಷನ್ ಬೇಡ, ಅಲ್ಟ್ರಾಸೌಂಡ್ ಬೇಡ. ಬಾಟಲಿ ತಗ್ಗಿಸಲು ಹೇಳಿ. ಇನ್ನೊಂದು ಕೈಯಿಂದ ಸೈಡ್ ಪೋರ್ಟ್ (ಪಕ್ಕದ ಸಣ್ಣ ಗಾಯ) ಮೂಲಕ ವಿಸ್ಕೋ ತುಂಬಿ, ನೀರು ನಿಲ್ಲಿಸಿ, ಆಮೇಲೆ ಪ್ರೋಬ್ ತೆಗೆಯಿರಿ. ಅಲ್ಲಿಂದ ಮುಂದಿನದು ಹಿರಿಯರ ಕೈಗೆ. ಟ್ರಯಾಮ್ಸಿನೊಲೋನ್ (ಬಿಳಿ ಕಣಗಳ ಸ್ಟೀರಾಯ್ಡ್ ಔಷಧ) ಹಾಕಿದರೆ ವಿಟ್ರಿಯಸ್ ಎಳೆಗಳು ಬಿಳಿಯಾಗಿ ಕಾಣುತ್ತವೆ, ಅವನ್ನು ಕಟರ್‌ನಿಂದಲೇ ಕತ್ತರಿಸಬೇಕು, ಎಳೆಯಬಾರದು. ಎಳೆತ ರೆಟಿನಾವರೆಗೆ ಹೋಗುತ್ತದೆ.

ಈ ಅನುಕ್ರಮವನ್ನೂ ವೆಟ್ ಲ್ಯಾಬ್‌ನಲ್ಲೇ, ಪೆಡಲ್ ಸಮೇತ, ಬಾಯಲ್ಲಿ ಹೇಳಿಕೊಳ್ಳುತ್ತಾ ಮಾಡಿ. ಇನ್ನೊಂದು: ಹಂದಿ ಕಣ್ಣಿನ ನ್ಯೂಕ್ಲಿಯಸ್ ತೀರಾ ಮೆದು, ಒಡೆಯುವ ಅಭ್ಯಾಸಕ್ಕೆ ಸಾಲದು. ಲೆನ್ಸಿಗೆ ಸ್ವಲ್ಪ ಫಾರ್ಮಾಲಿನ್ ಚುಚ್ಚಿ ಗಟ್ಟಿ ಮಾಡಿಕೊಂಡರೆ ಟ್ರೆಂಚಿಂಗ್ (ಒಡೆಯುವ ಮೊದಲು ನ್ಯೂಕ್ಲಿಯಸ್‌ನಲ್ಲಿ ಕಾಲುವೆ ತೋಡುವುದು) ಕಲಿಯಬಹುದು, ಆದರೆ ಅದರ ಆವಿ ಕಣ್ಣು ಮೂಗಿಗೆ ಕೆಟ್ಟದ್ದು, ಗ್ಲೌಸ್ ಮತ್ತು ಗಾಳಿಯಾಡುವ ಕೋಣೆ ಕಡ್ಡಾಯ.